ಮುಂಬಯಿಯ ಕರಾವಳಿಗರಿಗೆ: ಸಮುದಾಯದ ಸಂಘವೋ, ಕನ್ನಡ ಸಂಘವೋ?

ಉಡುಪಿ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದವರು ಕೇಳುವ ಪ್ರಶ್ನೆ ಇದು. ಬಿಡುವಿರುವುದು ಭಾನುವಾರ ಮಾತ್ರ. ಎರಡು ಕಡೆ ಓಡಾಡಲು ಆಗುವುದಿಲ್ಲ.

ಆಸರೆ ಬೇಕಿದ್ದರೆ ಸಮುದಾಯದ ಸಂಘವೇ ಗಟ್ಟಿ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಹುಟ್ಟಿದ್ದೇ ಪರಊರಿನಲ್ಲಿ ಒಬ್ಬರಿಗೊಬ್ಬರು ಆಗಬೇಕೆಂದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಓದಿ ಮೇಲೆ ಬಂದದ್ದು ಇಂಥ ಸಂಘಗಳ ರಾತ್ರಿಶಾಲೆಗಳಲ್ಲಿ. ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಬ್ಯಾಂಕನ್ನೇ ಕಟ್ಟಿತು. ಇದನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬುತ್ತದೆ. ಮಕ್ಕಳ ವಿದ್ಯಾರ್ಥಿವೇತನ, ಮದುವೆ ಸಂಬಂಧ, ಊರಿನ ದೈವಸ್ಥಾನದ ಸುದ್ದಿ ಇವೆಲ್ಲ ಅಲ್ಲಿ ತುಳುವಿನಲ್ಲೇ ಸಿಗುತ್ತವೆ. ಆದರೆ ಬಾಗಿಲು ಜಾತಿಯದು. ಅಂತರ್ಜಾತಿ ಮದುವೆಯಾದವರು ಸೇರುವ ಮೊದಲೇ ನಿಯಮ ಕೇಳಿಕೊಳ್ಳಲಿ.

ಸಾಹಿತ್ಯ, ನಾಟಕದ ಹಸಿವಿದ್ದರೆ ಮಾಟುಂಗಾ ಕಡೆ ನಡೆಯಿರಿ. 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಎರಡೂ ಅಲ್ಲಿವೆ. ಧಾರವಾಡದವರು, ಮೈಸೂರಿನವರು ಜೊತೆಯಾಗುತ್ತಾರೆ, ಮಕ್ಕಳ ಕಿವಿಗೆ ಬೇರೆ ಬೇರೆ ಕನ್ನಡ ಬೀಳುತ್ತದೆ. ತುಳು ಮಾತ್ರ ಮನೆಯಲ್ಲೇ ಉಳಿಸಿಕೊಳ್ಳಬೇಕು.

ದೂರವನ್ನೂ ಲೆಕ್ಕ ಹಾಕಿ. ವಿರಾರ್, ಡೊಂಬಿವಲಿಯವರಿಗೆ ಮಾಟುಂಗಾ ಎಂದರೆ ಅರ್ಧ ದಿನ ಹೋಯಿತು. ಸಮುದಾಯದ ಸಂಘಗಳಿಗೆ ಸ್ಥಳೀಯ ಸಮಿತಿಗಳಿವೆ.

ಯಕ್ಷಗಾನಕ್ಕಾಗಿಯೇ ಸೇರುವುದಾದರೆ ಅವಸರ ಬೇಡ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಊರಲ್ಲಿ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಆಟ ನೋಡಲು ಸದಸ್ಯತ್ವ ಬೇಕಿಲ್ಲ.