ಹಾಡು ಕೇಳಿಸುವ ಪ್ಲೇಯರ್ ನಮ್ಮ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು

ನಿಮ್ಮ ಹತ್ತಿರ ಹಳೆಯ ಎಂಪಿ3 ಪ್ಲೇಯರ್ ಇದ್ದರೆ, ಅದನ್ನು ಬೇರೆಯವರ ಕೈಗೆ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು ಒಳಗೆ ಏನಿದೆ ಅಂತ ನೋಡದೆ ಕೊಟ್ಟುಬಿಟ್ಟೆ. ಅದರಿಂದ ನನ್ನ ಅಕ್ಕನಿಗೂ ಅವಳ ಮಗನಿಗೂ ಆದ ನೋವು ಇನ್ನೂ ಪೂರ್ತಿ ಆರಿಲ್ಲ. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಇನ್ನೊಬ್ಬರ ಮನೇಲಿ ಹೀಗಾಗೋದು ಬೇಡ" ಅಂದಳು.

ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲೇಯರ್ ಅದು. ವಾಕಿಂಗ್ ಹೋಗುವಾಗ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹಾಡು ಹಾಕುವುದು, ಕೇಳುವುದು, ಚಾರ್ಜ್ ಮಾಡುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ಇಯರ್‌ಫೋನ್ ಚುಚ್ಚುವ ಜಾಗದ ಪಕ್ಕದಲ್ಲಿ ಸೂಜಿ ಮೊನೆಯಷ್ಟು ಸಣ್ಣ ತೂತು ಇತ್ತು. ರೀಸೆಟ್ ಮಾಡಲು ಇಟ್ಟಿರಬೇಕು ಅಂದುಕೊಂಡು ಸುಮ್ಮನಿದ್ದೆ. ಅದು ಮೈಕ್. ಬದಿಯಲ್ಲಿ ಎ-ಬಿ ಅಂತ ಬರೆದ ಒಂದು ಗುಂಡಿ ಇತ್ತು. ಹಾಡಿನ ಒಂದು ತುಣುಕಿನ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಒತ್ತಿದರೆ ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಅದೇ ಗುಂಡಿಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿದರೆ ರೆಕಾರ್ಡಿಂಗ್ ಶುರು. ಸಣ್ಣ ಪ್ಲೇಯರುಗಳಲ್ಲಿ ಗುಂಡಿಗೆ ಜಾಗ ಕಮ್ಮಿ, ಹಾಗಾಗಿ ಒಂದೇ ಗುಂಡಿಗೆ ಎರಡು ಕೆಲಸ ಕೊಟ್ಟಿರುತ್ತಾರೆ. ಜೇಬಿನಲ್ಲಿ ಮೊಬೈಲೋ ಬೀಗದ ಕೈಯೋ ಒತ್ತಿಕೊಂಡರೆ ಸಾಕು. ಶುರುವಾದದ್ದು ನಮಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಉಳಿಸಲು ಪರದೆ ತಾನಾಗಿ ಆರಿಹೋಗುತ್ತದೆ. ಶಬ್ದವೂ ಇಲ್ಲ, ದೀಪವೂ ಇಲ್ಲ.

ಒಂದು ಸಂಜೆ ವಾಕಿಂಗ್ ಮುಗಿಸಿ ಹಾಗೇ ಅಕ್ಕನ ಮನೆಗೆ ಹೋದೆ. ಇಯರ್‌ಫೋನ್ ಸುತ್ತಿಟ್ಟುಕೊಂಡೆ, ಪ್ಲೇಯರ್ ಜೇಬಿನಲ್ಲೇ ಉಳಿಯಿತು. ಭಾವ ಊರಲ್ಲಿರಲಿಲ್ಲ, ಹುಡುಗ ಆಡಲು ಹೋಗಿದ್ದ. ಅವತ್ತು ಅಕ್ಕ ತುಂಬಾ ಹೊತ್ತು ಮಾತಾಡಿದಳು. ಅವಳ ಸಂಸಾರದ ವಿಷಯ. ಯಾರ ಹತ್ತಿರವೂ ಹೇಳಿಕೊಳ್ಳದೆ ಎಷ್ಟೋ ದಿನ ಒಳಗೇ ಇಟ್ಟುಕೊಂಡಿದ್ದು. ಅವಳು ಏನು ಹೇಳಿದಳು ಅಂತ ಇಲ್ಲಿ ಬರೆಯುವುದಿಲ್ಲ. ನನ್ನೊಬ್ಬನಿಗೆ ಹೇಳಿದ್ದು ಅನ್ನುವುದಷ್ಟೇ ಮುಖ್ಯ.

ಸ್ವಲ್ಪ ದಿನ ಕಳೆದ ಮೇಲೆ ಹೊಸ ಫೋನ್ ತಗೊಂಡೆ. ಪ್ಲೇಯರನ್ನು ಅಕ್ಕನ ಮಗನಿಗೆ ಕೊಟ್ಟೆ. ಹನ್ನೆರಡು ವರ್ಷದ ಹುಡುಗ. "ಮಾಮ, ನಂಗೇನಾ?" ಅಂತ ಮೂರು ಸಲ ಕೇಳಿದ, ಅಷ್ಟು ಖುಷಿ. ಹಾಡುಗಳು ಇರಲಿ ಅಂತ ಏನೂ ಅಳಿಸದೆ ಕೊಟ್ಟಿದ್ದೆ.

ಮಕ್ಕಳು ನಮ್ಮ ಹಾಗಲ್ಲ, ಹೊಸ ವಸ್ತು ಸಿಕ್ಕರೆ ಎಲ್ಲ ಮೆನು ತೆರೆದು ನೋಡುತ್ತಾರೆ. ನಾನು ಒಂದು ಸಲವೂ ಇಣುಕಿ ನೋಡದ 'ವಾಯ್ಸ್' ಅನ್ನುವ ಫೋಲ್ಡರನ್ನು ಅವನು ಮೊದಲ ವಾರದಲ್ಲೇ ತೆರೆದ. ಇಯರ್‌ಫೋನಿನಲ್ಲಿ ಅಮ್ಮನ ದನಿ ಕೇಳಿಸಿತು. ಅಮ್ಮ ಅಳುತ್ತಿದ್ದಳು. ಪೂರ್ತಿ ಕೇಳಿದ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೇ ದಿನ ರಾತ್ರಿ ಮಲಗುವಾಗ ಅಮ್ಮನನ್ನು ಕೇಳಿದ: "ನಾವು ಬೇರೆ ಮನೆಗೆ ಹೋಗ್ತೀವಾ?"

ಅಕ್ಕ ನನಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು "ಯಾಕೋ ರೆಕಾರ್ಡ್ ಮಾಡ್ಕೊಂಡೆ?" ಅಂತ. ಆ ಪ್ರಶ್ನೆಗೆ ನನ್ನ ಹತ್ತಿರ ನಂಬುವಂಥ ಉತ್ತರವೇ ಇರಲಿಲ್ಲ. ಇದು ರೆಕಾರ್ಡ್ ಮಾಡುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಫೈಲಿನ ತಾರೀಕು ನೋಡಿದರೆ 1980ರ ಜನವರಿ 1. ನಾನು ಬೇಕೆಂತಲೇ ದಿನಾಂಕ ಮರೆಮಾಚಿದ್ದೇನೆ ಅಂತ ಅವಳಿಗೆ ಅನ್ನಿಸಿತು. ಕಾರಣ ಬೇರೆ. ಇಂಥ ಪ್ಲೇಯರುಗಳು ಫೈಲ್ ಇಡಲು ಫ್ಯಾಟ್ ಅನ್ನುವ ಪದ್ಧತಿ ಬಳಸುತ್ತವೆ, ಅದರಲ್ಲಿ ಕಾಲದ ಲೆಕ್ಕ ಶುರುವಾಗುವುದೇ 1980ರಿಂದ. ನಾನು ಗಡಿಯಾರ ಸರಿ ಮಾಡಿಯೇ ಇರಲಿಲ್ಲ. ಇದನ್ನೆಲ್ಲ ಅಳುತ್ತಿರುವವರಿಗೆ ಫೋನಿನಲ್ಲಿ ಹೇಗೆ ವಿವರಿಸುವುದು?

ಕೊನೆಗೆ ನನ್ನ ಪರವಾಗಿ ನಿಂತದ್ದು ಅದೇ ಫೋಲ್ಡರಿನಲ್ಲಿದ್ದ ಉಳಿದ ಐದು ಫೈಲುಗಳು. ಅಕ್ಕನ ಜೊತೆ ಕೂತು ಎಲ್ಲ ಕೇಳಿದೆ. ಮೂರರಲ್ಲಿ ಜೇಬಿನ ಬಟ್ಟೆ ಉಜ್ಜುವ ಸದ್ದು ಬಿಟ್ಟು ಏನೂ ಇಲ್ಲ. ಒಂದರಲ್ಲಿ ನನ್ನ ಹೆಜ್ಜೆ, ಏದುಸಿರು, ದಾರಿಯ ವಾಹನಗಳು. ಇನ್ನೊಂದರಲ್ಲಿ ನನ್ನ ಆಫೀಸಿನ ಒಂದು ಮೀಟಿಂಗ್ ಅರ್ಧ ಗಂಟೆ! ಅದನ್ನು ಕೇಳಿ ನನಗೇ ಕೈ ನಡುಗಿತು. ಒಬ್ಬರ ಕೆಲಸ ಉಳಿಯುತ್ತೋ ಹೋಗುತ್ತೋ ಅನ್ನುವ ಮಾತು ಅಲ್ಲಿತ್ತು. ಬೇರೆಯವರಿಗೆ ತಿಳಿಸದೆ ಅವರ ಮಾತು ರೆಕಾರ್ಡ್ ಮಾಡುವುದು ಎಷ್ಟೋ ಕಡೆ ಅಪರಾಧ. ಬೇಕೆಂದು ಮಾಡಿಲ್ಲ ಅಂತ ನಾನು ಯಾರಿಗೆ ತೋರಿಸಿಕೊಡಲಿ?

ಜೇಬಿನೊಳಗಿಂದ ಅಷ್ಟು ಸ್ಪಷ್ಟವಾಗಿ ಹೇಗೆ ಕೇಳಿಸಿತು ಅನ್ನುವುದು ನನ್ನನ್ನು ಕಾಡಿತು. ಮಾತು ರೆಕಾರ್ಡ್ ಮಾಡುವ ಹಲವು ಸಾಧನಗಳಲ್ಲಿ ದನಿ ಸಣ್ಣದಾದರೆ ತಾನಾಗಿ ಜೋರು ಮಾಡಿಕೊಳ್ಳುವ ಏರ್ಪಾಡು ಇರುತ್ತದೆ. ಅಕ್ಕ ಮೆಲ್ಲಗೆ ಆಡಿದ ಮಾತೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು.

ಜಾಗ ತುಂಬಿದ್ದರೂ ನನಗೆ ಸುಳಿವು ಸಿಗುತ್ತಿತ್ತಲ್ಲ, ಅದೂ ಇಲ್ಲ. ಸಿಡಿ ಗುಣಮಟ್ಟದಲ್ಲಿ ಒಂದೇ ಚಾನೆಲ್ ರೆಕಾರ್ಡ್ ಮಾಡಿದರೂ ಗಂಟೆಗೆ 317 ಎಂಬಿ ಬೇಕು. ಮಾತಿಗೆ ಅಷ್ಟು ಬೇಡ. ಸೆಕೆಂಡಿಗೆ 32 ಕಿಲೋಬಿಟ್ ಸಾಕು, ಅಂದರೆ ಗಂಟೆಗೆ 14 ಎಂಬಿ ಚಿಲ್ಲರೆ. ಎರಡು ಗಂಟೆ ಮಾತು ಐದಾರು ಹಾಡಿನ ಜಾಗದಲ್ಲಿ ಕೂತುಬಿಡುತ್ತದೆ.

ಅಗ್ಗದ ಪ್ಲೇಯರುಗಳದ್ದು ಮಾತ್ರ ಈ ಕಥೆ ಅಂದುಕೊಳ್ಳಬೇಡಿ. ಐಪಾಡ್‌ಗೆ 2003ರಿಂದಲೇ ಹೊರಗಿನಿಂದ ಮೈಕ್ ಸಿಗಿಸಿ ಮಾತು ರೆಕಾರ್ಡ್ ಮಾಡಬಹುದಿತ್ತು. ಆಗ ಆಪಲ್‌ನ ಸಾಫ್ಟ್‌ವೇರ್ 8 ಕಿಲೋಹರ್ಟ್ಸ್ ಮಾತ್ರ ಬಿಡುತ್ತಿತ್ತು, ಟೆಲಿಫೋನಿನ ದನಿಯಷ್ಟು. ಆದರೆ ಅದೇ ಯಂತ್ರಕ್ಕೆ ಐಪಾಡ್ ಲಿನಕ್ಸ್ ಅನ್ನುವ, ಆಪಲ್‌ನದ್ದಲ್ಲದ ಸಾಫ್ಟ್‌ವೇರ್ ಹಾಕಿಕೊಂಡವರು ಅದಕ್ಕಿಂತ ಎಷ್ಟೋ ಚೆನ್ನಾಗಿ ರೆಕಾರ್ಡ್ ಮಾಡುತ್ತಿದ್ದರು. ಸಾಮರ್ಥ್ಯ ಚಿಪ್ಪಿನಲ್ಲಿ ಮೊದಲೇ ಇತ್ತು, ಮೆನುವಿನಲ್ಲಿ ಕಾಣುತ್ತಿರಲಿಲ್ಲ, ಅಷ್ಟೇ. 2009ರ ಐಪಾಡ್ ನ್ಯಾನೋಗೆ ಮೈಕನ್ನು ಒಳಗೇ ಕೂರಿಸಿದರು. ಸ್ಯಾನ್‌ಡಿಸ್ಕ್‌ನ ಸಾನ್ಸಾ ಕ್ಲಿಪ್‌ನಲ್ಲೂ ಮೈಕ್ ಇತ್ತು. ಹಾಗಾಗಿ "ನಮ್ಮ ಮೆನುವಿನಲ್ಲಿ ರೆಕಾರ್ಡ್ ಅಂತ ಇಲ್ಲವಲ್ಲ" ಅನ್ನುವ ಧೈರ್ಯ ಬೇಡ. ಕೈಪಿಡಿ ತೆರೆದು ನೋಡಿ, ಇಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಹುಡುಕಿ.

ಇಯರ್‌ಫೋನೇ ಮೈಕ್ ಆಗುತ್ತೆ ಅಂತ ಕೇಳಿರುತ್ತೀರಿ. ಅದು ನಿಜ. ಮಾಮೂಲಿ ಇಯರ್‌ಫೋನಿನೊಳಗೂ ಕೆಲವು ಬಗೆಯ ಮೈಕಿನೊಳಗೂ ಇರುವುದು ಸುರುಳಿ, ಅಯಸ್ಕಾಂತ, ಒಂದು ತೆಳು ಪೊರೆ. 2016ರಲ್ಲಿ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದವರು ಕಂಪ್ಯೂಟರಿಗೆ ಸಿಗಿಸಿದ ಮಾಮೂಲಿ ಹೆಡ್‌ಫೋನಿನಿಂದಲೇ ಕೋಣೆಯ ಮಾತು ಹಿಡಿದು ತೋರಿಸಿದರು. ಹಾಡಿನ ಪ್ಲೇಯರ್ ಥರ ಕಾಣುವ, ಮಾತು ಕೇಳಿಸಿದ ಕೂಡಲೇ ತಾನಾಗಿ ಶುರುವಾಗುವ ರೆಕಾರ್ಡರುಗಳೂ ಇವೆ. ಅವುಗಳ ಬಗ್ಗೆಯೂ ಹುಷಾರಾಗಿರಬೇಕು. ಆದರೆ ನಮ್ಮ ಮನೆಯಲ್ಲಿ ಯಾವ ಗೂಢಚಾರನೂ ಇರಲಿಲ್ಲ. ಇದ್ದದ್ದು ಬಿಗಿಯಾದ ಒಂದು ಜೇಬು, ಒಂದು ಗುಂಡಿ.

ಈಗ ಅಳಿಸುವ ವಿಷಯ. ಇದನ್ನು ಜಾಸ್ತಿ ಗಮನವಿಟ್ಟು ಓದಿ. ಅಕ್ಕನ ಎದುರಿಗೇ ಪ್ಲೇಯರನ್ನು ಕಂಪ್ಯೂಟರಿಗೆ ಸಿಗಿಸಿ ಆರೂ ಫೈಲ್ ಡಿಲೀಟ್ ಮಾಡಿದೆ. "ಹೋಯ್ತಾ?" ಅಂದಳು. ಹೋಯ್ತು ಅಂದೆ. ಮನೆಗೆ ತಂದ ಮೇಲೆ ಯಾಕೋ ಸಮಾಧಾನ ಆಗಲಿಲ್ಲ. ಪುಕ್ಕಟೆ ಸಿಗುವ ಒಂದು ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದೆ. ಎರಡೇ ನಿಮಿಷ. ಆರೂ ಫೈಲ್ ಸಾಲಾಗಿ ಬಂದು ನಿಂತವು. ಹೆಸರಿನ ಮೊದಲ ಅಕ್ಷರ ಮಾತ್ರ ಕಾಣೆಯಾಗಿತ್ತು. ಫ್ಯಾಟ್ ಪದ್ಧತಿಯಲ್ಲಿ ಡಿಲೀಟ್ ಅಂದರೆ ಇಷ್ಟೇ: ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರ ಹೊಡೆದು, ಈ ಜಾಗ ಖಾಲಿ ಅಂತ ಗುರುತು ಹಾಕುವುದು. ಮಾತು ಇದ್ದ ಜಾಗದಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಹೆಚ್ಚುಕಮ್ಮಿ ಇದೇ ಕಥೆ. ಮ್ಯಾಕ್‌ನಲ್ಲಿ ಡಿಲೀಟ್ ಮಾಡಿದರಂತೂ ಫೈಲ್ ಅದೇ ಪ್ಲೇಯರಿನೊಳಗೆ, ಕಣ್ಣಿಗೆ ಕಾಣದ ಟ್ರ್ಯಾಶ್ ಫೋಲ್ಡರಿನಲ್ಲಿ ಕೂತಿರುತ್ತದೆ. ಟ್ರ್ಯಾಶ್ ಖಾಲಿ ಮಾಡುವ ತನಕ ಅಲ್ಲೇ.

ನಾನು ಮಾಡಿದ್ದು ಹೀಗೆ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿದೆ. ಆಮೇಲೆ ಇನ್ನು ಜಾಗ ಇಲ್ಲ ಅಂತ ಹೇಳುವ ತನಕ ಹಾಡು ತುಂಬಿಸಿದೆ. ಹಳೆಯ ಮಾತಿನ ಮೇಲೆ ಹೊಸ ಹಾಡು ಕೂತ ಮೇಲೆ ಮತ್ತೆ ರಿಕವರಿ ಹಾಕಿ ನೋಡಿದೆ, ಈ ಸಲ ಏನೂ ಸಿಗಲಿಲ್ಲ. ಪ್ಲೇಯರಿಗೆ ಮೆಮೊರಿ ಕಾರ್ಡ್ ಹಾಕುವ ಜಾಗವಿದ್ದರೆ ಅದನ್ನೂ ಹೀಗೇ ನೋಡಿ. ಕಾರ್ಡನ್ನು ಕೊಡದೇ ಇದ್ದರೆ ಇನ್ನೂ ಒಳ್ಳೆಯದು.

ಬಳಸುತ್ತಾ ಇರುವವರು ಹೋಲ್ಡ್ ಸ್ವಿಚ್ ಹಾಕದೆ ಜೇಬಿಗೆ ಇಳಿಸಬೇಡಿ. ಅದನ್ನು ಹಾಕಿದರೆ ಗುಂಡಿಗಳು ಕೆಲಸ ಮಾಡುವುದಿಲ್ಲ. ಅದು ಹಾಳಾಗಿದ್ದರೆ ಪ್ಲೇಯರ್ ಪೂರ್ತಿ ಆಫ್ ಮಾಡಿ. ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಸಿಗಿಸಿ 'ರೆಕಾರ್ಡ್', 'ವಾಯ್ಸ್' ಥರದ ಫೋಲ್ಡರ್ ಇದೆಯಾ ನೋಡಿ. ಅಡಗಿಸಿದ ಫೈಲ್ ತೋರಿಸು ಅನ್ನುವ ಸೆಟ್ಟಿಂಗ್ ಹಾಕಿಯೇ ನೋಡಿ. ಚಾರ್ಜ್ ಬೇಗ ಇಳಿಯುತ್ತಿದ್ದರೂ ಒಮ್ಮೆ ಪರೀಕ್ಷಿಸಿ. ನನ್ನದು ಆಗಾಗ ಬೇಗ ಇಳಿಯುತ್ತಿತ್ತು, ಬ್ಯಾಟರಿ ಹಳೆಯದಾಯಿತು ಅಂದುಕೊಂಡಿದ್ದೆ.

ಸೆಕೆಂಡ್ ಹ್ಯಾಂಡ್ ತಗೊಂಡ ಪ್ಲೇಯರಿನಲ್ಲಿ ಗೊತ್ತಿಲ್ಲದವರ ದನಿ ಸಿಕ್ಕರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ, ಮುಂದೆ ಕೇಳಬೇಡಿ. ಯಾರಿಗೂ ಕೇಳಿಸಬೇಡಿ, ಎಲ್ಲಿಗೂ ಕಳಿಸಬೇಡಿ. ಕೊಟ್ಟವರ ಪರಿಚಯ ಇದ್ದರೆ, ಹೀಗೊಂದು ಫೈಲ್ ಇತ್ತು, ಪೂರ್ತಿ ಅಳಿಸಿದ್ದೇನೆ ಅಂತ ಒಂದು ಮಾತು ತಿಳಿಸಿ. ಇದರಲ್ಲಿ ಮೈಕ್ ಇದೆ ಅಂತ ಅವರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.