ಐವತ್ತು ಡಾಲರಿನ ದಾವೆ: ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸ್ ಕೋರ್ಟ್

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎನ್ನುವುದು ಅಪ್ಪನ ಮಾತು. ಬದುವಿನ ವ್ಯಾಜ್ಯಕ್ಕಾಗಿ ಹನ್ನೊಂದು ವರ್ಷ ತಿಪಟೂರಿಗೆ ಅಲೆದವರು. ಆದ್ದರಿಂದ ನಾನು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಸಣ್ಣ ಮೊತ್ತದ ವ್ಯಾಜ್ಯಗಳಿಗೆಂದಿರುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ, ದಾವೆ ಹೂಡಿದ್ದನ್ನು ಅವರಿಗೆ ಮೊದಲು ಹೇಳಲಿಲ್ಲ.

ಬಾಡಿಗೆ ಮನೆ ಬಿಟ್ಟ ಮೂವತ್ತನಾಲ್ಕನೆಯ ದಿನ, 2,400 ಡಾಲರ್ ಅಡ್ವಾನ್ಸಿನಲ್ಲಿ ಮಾಲೀಕ ವಾಪಸು ಕಳುಹಿಸಿದ್ದು 310. ಬೆಂಗಳೂರಿನ ಮಾಲೀಕರಂತೆ ಈತನೂ ಸುಣ್ಣಬಣ್ಣದ ಲೆಕ್ಕ ಹಿಡಿದಿದ್ದ, ಜೊತೆಗೆ ಕಾರ್ಪೆಟ್ಟಿನದು. ಇಲ್ಲಿನ ಕಾನೂನಿನಂತೆ 21 ದಿನಗಳೊಳಗೆ ಲೆಕ್ಕ ಕೊಡಬೇಕು. ಹಿಡಿದುಕೊಂಡ ಮೊತ್ತ ಸರಿಯೆಂದು ತೋರಿಸುವ ಹೊಣೆಯೂ ಮಾಲೀಕನದೇ. ಇಷ್ಟನ್ನು ತಿಳಿಸಿದವರು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಸಲಹೆಗಾರ್ತಿ. ಅವರ ಶುಲ್ಕ ಸೊನ್ನೆ.

ಈ ಕೋರ್ಟಿನಲ್ಲಿ ವ್ಯಕ್ತಿಯೊಬ್ಬರು 12,500 ಡಾಲರಿನವರೆಗೆ ಕೇಳಬಹುದು. ವಿಚಾರಣೆಯಲ್ಲಿ ಯಾರ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ. ನನ್ನ ಮೊತ್ತಕ್ಕೆ ತಗುಲಿದ ಶುಲ್ಕ 50 ಡಾಲರ್. ತೊಡಕಾದದ್ದು ಸಮನ್ಸ್ ಜಾರಿ. ನಮ್ಮೂರಿನಲ್ಲಿ ಅಮೀನರು ಮಾಡುವ ಆ ಕೆಲಸವನ್ನು ಇಲ್ಲಿ ದಾವೆಗೆ ಸೇರದ, ಹದಿನೆಂಟು ತುಂಬಿದ ಯಾರಾದರೂ ಮಾಡಬಹುದು. ನನ್ನ ಗಂಡ ಸಹವಾದಿಯಾದ್ದರಿಂದ ಅವರಿಗೆ ಅವಕಾಶವಿಲ್ಲ. ಪಕ್ಕದ ಮನೆಯ ಹುಡುಗ ಎರಡು ಸಲ ಬಾಗಿಲು ತಟ್ಟಿ ಬರಿಗೈಯಲ್ಲಿ ಬಂದ. ಮೂರನೆಯ ಸಲ ಮಾಲೀಕ ಕಾರು ತೊಳೆಯುತ್ತ ಸಿಕ್ಕಿಬಿದ್ದ.

ಏಳನೆಯ ವಾರ ವಿಚಾರಣೆ. ಪೀಠದಲ್ಲಿದ್ದವರು ತಾತ್ಕಾಲಿಕ ನ್ಯಾಯಾಧೀಶೆ, ಅಂದರೆ ಅನುಭವಿ ವಕೀಲೆ. ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ ಮೇಲೆಯೇ ಅವರು ವಿಚಾರಣೆ ನಡೆಸಿದ್ದು. ನಾನು ರಾತ್ರಿಯೆಲ್ಲ ಕನ್ನಡಿಯ ಮುಂದೆ ಉರುಹೊಡೆದ ಭಾಷಣ ಅವರಿಗೆ ಬೇಕಾಗಿರಲಿಲ್ಲ. ‘ಕಾರ್ಪೆಟ್ ಹಾಕಿಸಿ ಎಷ್ಟು ವರ್ಷವಾಯಿತು?’ ಎಂದು ಮಾಲೀಕನನ್ನು ಕೇಳಿದರು. ಆತ ಫೈಲು ತಿರುವಿದ, ಮತ್ತೆ ತಿರುವಿದ. ಹನ್ನೊಂದು ನಿಮಿಷಕ್ಕೆ ಎಲ್ಲ ಮುಗಿಯಿತು. ಅಪ್ಪನ ಹನ್ನೊಂದು ವರ್ಷ ನೆನಪಾಗಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತೀರ್ಪು ಅಂಚೆಯಲ್ಲಿ ಬಂತು: 2,090 ಮತ್ತು ಶುಲ್ಕದ 50. ಮಾಲೀಕನ ದುರುದ್ದೇಶ ಸಾಬೀತಾದರೆ ಅಡ್ವಾನ್ಸಿನ ಎರಡು ಪಟ್ಟಿನವರೆಗೆ ದಂಡ ವಿಧಿಸಬಹುದಿತ್ತು, ವಿಧಿಸಲಿಲ್ಲ. ಇಲ್ಲಿ ವಾದಿಗೆ ತನ್ನ ದಾವೆಯ ಮೇಲೆ ಮೇಲ್ಮನವಿಯ ಹಕ್ಕಿಲ್ಲ, ಪ್ರತಿವಾದಿಗೆ ಉಂಟು. ಈ ಏರ್ಪಾಡು ನನಗೆ ಇನ್ನೂ ಅರಗಿಲ್ಲ.

ಗೆದ್ದ ಸುದ್ದಿ ಹೇಳಿದಾಗ ಅಪ್ಪ ಕೇಳಿದರು: ‘ಡಿಕ್ರಿ ಆಯಿತು, ಸರಿ. ಅಮಲ್ಜಾರಿ?’

ಈ ಕೋರ್ಟಿಗೆ ನಾನು ಕೊಡುವುದು ಐದರಲ್ಲಿ ನಾಲ್ಕು ನಕ್ಷತ್ರ; ಒಂದು ಕಳೆದದ್ದು ಅಲ್ಲಿಯೇ. ಹಣ ವಸೂಲಿ ಕೋರ್ಟಿನ ಕೆಲಸವಲ್ಲ, ಗೆದ್ದವರದು. ತೀರ್ಪಿನ ಸಾರಾಂಶವನ್ನು ಕೌಂಟಿಯ ನೋಂದಣಿ ಕಚೇರಿಯಲ್ಲಿ ದಾಖಲಿಸಿದೆ. ಅದರಿಂದ ಆ ಕೌಂಟಿಯಲ್ಲಿರುವ ಆತನ ಆಸ್ತಿಯ ಮೇಲೆ ಸಾಲದ ಹೊರೆ ಬೀಳುತ್ತದೆ. ವರ್ಷಕ್ಕೆ ಶೇ. 10ರ ಬಡ್ಡಿ ಬೇರೆ. ಎರಡು ತಿಂಗಳಿಗೆ ಚೆಕ್ ಬಂತು, ಬಡ್ಡಿ ಸಮೇತ. ಹಣ ಸಂದಿತೆಂಬ ಫಾರಂ ಅನ್ನೂ ನಾನೇ ತುಂಬಿ ಸಲ್ಲಿಸಿದೆ. ತಡಮಾಡಿದರೆ ಅದಕ್ಕೆ ನನಗೇ ದಂಡ ಬೀಳಬಹುದಂತೆ.