ಹಳೆಯ ಮೈಕ್ರೋಸ್ಕೋಪ್‌ಗೆ ಎಲ್‌ಇಡಿ: ಜಿ4 ಬಲ್ಬ್ ಸಾಕೇ, 3 ವ್ಯಾಟ್ ಕಿಟ್ ಬೇಕೇ?

6 ವೋಲ್ಟ್, 20 ವ್ಯಾಟ್ ಹ್ಯಾಲೊಜನ್ ಇರುವ ಲ್ಯಾಬ್ ಮೈಕ್ರೋಸ್ಕೋಪ್‌ಗೆ ಎರಡು ಬಗೆಯ ಎಲ್‌ಇಡಿ ಸಿಗುತ್ತದೆ: ಹಳೆಯ ಹೋಲ್ಡರ್‌ಗೇ ಚುಚ್ಚುವ ಜಿ4 ಬಲ್ಬ್, ಇಲ್ಲವೇ ಸ್ವಂತ ಡ್ರೈವರ್ (ವಿದ್ಯುತ್ ಹೊಂದಿಸುವ ಸರ್ಕ್ಯೂಟ್) ಇರುವ 3 ವ್ಯಾಟ್‌ನ ಒಂಟಿ ಚಿಪ್ ಕಿಟ್. ಸ್ಲೈಡಿಗೆ ಎಣ್ಣೆ ಹಾಕಿ ನೋಡುವ 100ಎಕ್ಸ್ ಲೆನ್ಸ್ ಬಳಸುವವರು ಕಿಟ್ಟನ್ನೇ ಕೊಳ್ಳಬೇಕು.

ಜಿ4 ಅಗ್ಗ. ಆದರೆ ಅದರ ಚಿಪ್‌ಗಳು ಚದುರಿ ಕೂತಿರುತ್ತವೆ. ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿದರೆ ತುಂಬಿದ ಬೆಳಕಿನ ಬಿಲ್ಲೆಯ ಬದಲು ಚುಕ್ಕೆಗಳು ಕಾಣಬಹುದು. ಆಬ್ಜೆಕ್ಟಿವ್‌ನ (ಸ್ಲೈಡಿನ ಹತ್ತಿರದ ಲೆನ್ಸ್) ದ್ವಾರ ಸಮನಾಗಿ ತುಂಬದಿದ್ದರೆ ಸೂಕ್ಷ್ಮ ವಿವರ ಕೈತಪ್ಪುತ್ತದೆ. ಮನೆಬಳಕೆಯ ಜಿ4ಗಳಲ್ಲಿ ಹೆಚ್ಚಿನವು 12 ವೋಲ್ಟಿನವು. 6 ವೋಲ್ಟಿಗೆ ಹತ್ತದಿರಬಹುದು, ಹ್ಯಾಲೊಜನ್ ಡಿಮ್ಮರ್‌ನಲ್ಲಿ ಮಿನುಗಲೂಬಹುದು.

ಕಿಟ್ ಕೂರಿಸುವಾಗ ಚಿಪ್ ಫಿಲಮೆಂಟ್ ಇದ್ದ ಎತ್ತರದಲ್ಲಿ, ನಟ್ಟನಡುವೆ ಇರಲಿ. ಪಕ್ಕಕ್ಕೆ ಸರಿದರೆ ಬೆಳಕು ಓರೆಯಾಗಿ ಬೀಳುತ್ತದೆ. ಚಿಪ್‌ನ ಹಿಂದೆ ಬಿಸಿ ಹೀರುವ ಅಲ್ಯುಮಿನಿಯಂ ಹೀಟ್‌ಸಿಂಕ್ ಬೇಕೇ ಬೇಕು. ಹ್ಯಾಲೊಜನ್‌ನ ಹಳದಿ ತಗ್ಗಿಸಲು ಇಟ್ಟಿದ್ದ ನೀಲಿ ಫಿಲ್ಟರ್ ತೆಗೆದುಬಿಡಿ.

ದೀಪ ಎಷ್ಟೇ ಒಳ್ಳೆಯದಿದ್ದರೂ ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಸರಿಯಿಲ್ಲದಿದ್ದರೆ ದುಡ್ಡು ದಂಡ. ಫೀಲ್ಡ್ ಐರಿಸ್ (ದೀಪದ ಬಳಿ ಬೆಳಕಿನ ವೃತ್ತ ಹಿಗ್ಗಿಸಿ ಕುಗ್ಗಿಸುವ ಪರದೆ) ಇದ್ದರೆ 10ಎಕ್ಸ್‌ನಲ್ಲಿ ಸ್ಲೈಡ್ ಫೋಕಸ್ ಮಾಡಿ, ಅದನ್ನು ಮುಚ್ಚಿ, ಅಂಚು ಚೂಪಾಗುವವರೆಗೆ ಕಂಡೆನ್ಸರ್ ಏರಿಳಿಸಿ. ಎರಡು ಸ್ಕ್ರೂಗಳಿಂದ ನಡುವಿಗೆ ತಂದು, ಅಂಚು ನೋಟದಾಚೆ ಸರಿಯುವಷ್ಟು ತೆರೆಯಿರಿ. ಜರ್ಮನ್ ವಿಜ್ಞಾನಿ ಆಗಸ್ಟ್ ಕೋಲರ್ 1893ರಲ್ಲಿ ಪ್ರಕಟಿಸಿದ ಈ ಕ್ರಮವೇ ಇಂದಿಗೂ ಆಧಾರ. ಬಳಿಕ ಐಪೀಸ್ ತೆಗೆದು, ಬಿಲ್ಲೆಯ ವ್ಯಾಸದ ಮುಕ್ಕಾಲು ಭಾಗ ಬೆಳಗುವಂತೆ ಕಂಡೆನ್ಸರ್ ಐರಿಸ್ ಹೊಂದಿಸಿ. ಆಬ್ಜೆಕ್ಟಿವ್ ಬದಲಾದಾಗಲೆಲ್ಲ ಇದನ್ನು ಮತ್ತೆ ನೋಡಬೇಕು.

ಬೆಳಕು ಹೆಚ್ಚಾಯಿತೆಂದು ಈ ಐರಿಸ್ ಮುಚ್ಚುವುದೇ ದೊಡ್ಡ ತಪ್ಪು. ಅದಕ್ಕೆ ಡಿಮ್ಮರ್ ಇದೆ. ಎನ್‌ಎ (ಬೆಳಕು ಹಿಡಿಯುವ ಸಾಮರ್ಥ್ಯದ ಅಳತೆ) 1.25ರ ಲೆನ್ಸ್, 550 ನ್ಯಾನೋಮೀಟರ್ ಹಸಿರು ಬೆಳಕು, ಎಣ್ಣೆ ಹಾಕಿ ಪೂರ್ತಿ ತೆರೆದ 1.25ರ ಕಂಡೆನ್ಸರ್: ಬಿಡಿಸಿ ಕಾಣುವ ಅಂತರ ಸುಮಾರು 0.27 ಮೈಕ್ರಾನ್. ಕಂಡೆನ್ಸರ್‌ಗೆ ಎಣ್ಣೆ ಹಾಕದೆ ಅದರ ಎನ್‌ಎ 0.9ಕ್ಕೆ ಇಳಿದರೆ 0.31, ಐರಿಸ್ ಮುಚ್ಚಿ 0.5ಕ್ಕೆ ತಂದರೆ 0.38. ಚಿತ್ರ ಗಾಢವಾಗಿ ಕಂಡರೂ ಅಂಚುಗಳ ಸುತ್ತ ಹುಸಿ ಗೆರೆಗಳು ಮೂಡುತ್ತವೆ.

ಬಣ್ಣದಲ್ಲಿ ಮಾತ್ರ ಹ್ಯಾಲೊಜನ್ ಇನ್ನೂ ಮೇಲು. ಬಿಳಿ ಎಲ್‌ಇಡಿಯಲ್ಲಿ 450 ನ್ಯಾನೋಮೀಟರಿನ ಹತ್ತಿರ ನೀಲಿ ಏರಿ, 480ರ ಸುತ್ತ ಕುಸಿಯುತ್ತದೆ. ಬಣ್ಣ ಹಾಕಿದ ಅಂಗಾಂಶ ನೋಡುವವರು ಸಿಆರ್‌ಐ (ಬಣ್ಣ ನಿಜವಾಗಿ ತೋರಿಸುವ ಅಳತೆ) 90ಕ್ಕಿಂತ ಹೆಚ್ಚಿನ ಚಿಪ್ ಕೇಳಿ ಪಡೆಯಿರಿ. ಕ್ಯಾಮೆರಾದಲ್ಲಿ ಅಡ್ಡಪಟ್ಟೆ ಬಂದರೆ ಕಾರಣ ಬಹುಪಾಲು ಪಿಡಬ್ಲ್ಯುಎಂ ಡಿಮ್ಮಿಂಗ್, ಅಂದರೆ ದೀಪವನ್ನು ವೇಗವಾಗಿ ಹತ್ತಿಸಿ ಆರಿಸಿ ಬೆಳಕು ತಗ್ಗಿಸುವುದು. ಕರೆಂಟ್ ನಿಯಂತ್ರಿಸುವ ಡ್ರೈವರ್ ಇರುವ ಕಿಟ್ ಆರಿಸಿ.